ಗೆರೆ ಡಾಕ್ಟರೂ ಅಕ್ಕನ ರೆಕಾರ್ಡೂ

ಗೆರೆ ಡಾಕ್ಟರು ಯಾವ ಆಸ್ಪತ್ರೆಯ ಡಾಕ್ಟರೂ ಅಲ್ಲ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಮೂವತ್ತನಾಲ್ಕು ವರ್ಷದಿಂದ ಗಾಜು ಉಜ್ಜುತ್ತಿರುವ ಮನುಷ್ಯ. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕನ್ನಡಿಯ ಎದುರು ಮೂತಿ ಓರೆ ಮಾಡಿಕೊಂಡು ಫ್ರೇಮು ಆರಿಸುತ್ತಾರೆ. ಹಿಂದೆ ಕೂತ ಇವರು ಆ ಫ್ರೇಮಿಗೆ ತಕ್ಕ ಹಾಗೆ ಗಾಜಿನ ಅಂಚು ಸವೆಸುತ್ತಾರೆ. ಕೂದಲೆಳೆಯಷ್ಟು ಹೆಚ್ಚು ಸವೆದರೆ ಗಾಜು ಫ್ರೇಮಿನೊಳಗೆ ಅಲ್ಲಾಡುತ್ತದೆ, ಕಡಿಮೆ ಸವೆದರೆ ಕೂರುವುದೇ ಇಲ್ಲ. ತಿರುಗುವ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರಬೇಕಾದ್ದರಿಂದ ಇವರ ಬೆರಳ ತುದಿಗಳು ಬೇಸಿಗೆ ಚಳಿಗಾಲ ಎನ್ನದೆ ನೆನೆದು ಸುಕ್ಕುಗಟ್ಟಿರುತ್ತವೆ.

ಡಾಕ್ಟರ ಪಟ್ಟ ಕಟ್ಟಿದವರು ಹಳೆಯ ರೆಕಾರ್ಡು ಕೂಡಿಡುವ ಹುಚ್ಚಿನ ಮಂದಿ. ಊರಿನಲ್ಲಿ ಅಂಥವರು ಹದಿನೈದು ಜನ ಇದ್ದಾರು. ಭಾನುವಾರ ಬೆಳಿಗ್ಗೆ ರೇಡಿಯೋ ರಿಪೇರಿಯವರ ಅಂಗಡಿಯಲ್ಲಿ ಸೇರುತ್ತಾರೆ, ಒಬ್ಬರಿಗೆ ಸಿಕ್ಕಿದ್ದನ್ನು ನೋಡಿ ಇನ್ನೊಬ್ಬರು ಹೊಟ್ಟೆ ಉರಿದುಕೊಳ್ಳುತ್ತಾರೆ, ಒಂದು ಚಹಾ ಕುಡಿದು ಚದುರುತ್ತಾರೆ. ಇವರಲ್ಲಿ ಯಾರ ರೆಕಾರ್ಡಿನಲ್ಲಾದರೂ ಸೂಜಿ ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು ಹೇಳಿದ್ದನ್ನೇ ಹೇಳತೊಡಗಿದರೆ ಅದು ನೇರ ಡಾಕ್ಟರ ಮನೆಗೆ ಬರುತ್ತದೆ. ಅವರು ಅಂಗಡಿಯಿಂದ ತಂದ ಭೂತಗನ್ನಡಿಯನ್ನು ಕಣ್ಣಿಗೇರಿಸಿ, ಮೊನೆ ಮಾಡಿದ ಬಿದಿರ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಗೆರೆಯೊಳಗೆ ಏನು ಸಿಕ್ಕಿಕೊಂಡಿದೆಯೋ ಅದನ್ನು ಗೆರೆಯ ಹಾದಿಯಲ್ಲೇ ನೂಕುತ್ತಾ ಹೊರಗೆ ತರುತ್ತಾರೆ. ಅಡ್ಡಕ್ಕೆ ಕಿತ್ತರೆ ಗೆರೆಯ ಗೋಡೆ ಒಡೆಯುತ್ತದೆ. ಹತ್ತರಲ್ಲಿ ಎಂಟು ರೆಕಾರ್ಡು ವಾಸಿಯಾಗುತ್ತವೆ. ಉಳಿದೆರಡು ನಿಜವಾಗಿ ಗೀರಿದವು, ಅವಕ್ಕೆ ದೇವರೇ ಗತಿ.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಹೊರಗೆ ತೆಗೆದ ಕಣವನ್ನು ಎಸೆಯುತ್ತಿರಲಿಲ್ಲ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಅಂಟುಟೇಪಿನ ಕೆಳಗೆ ಒತ್ತಿ ಇಟ್ಟು, ಪಕ್ಕದಲ್ಲಿ ತಾರೀಕು, ಯಾರ ರೆಕಾರ್ಡು, ಯಾವ ಸಾಲಿನಲ್ಲಿ ತಡೆಯುತ್ತಿತ್ತು ಎಂದು ಬರೆಯುತ್ತಿದ್ದರು. ಮೇಣದ ಚೂರು, ಸುಣ್ಣದ ಪುಡಿ, ಇರುವೆಯ ಕಾಲು, ಯಾರದೋ ಮನೆಯ ಸಕ್ಕರೆ ಪಾಕ. ಹೆಂಡತಿ ಅದಕ್ಕೆ ಕಸದ ಪುಸ್ತಕ ಎಂದು ಹೆಸರಿಟ್ಟಿದ್ದಳು. ಕಸ ಗುಡಿಸುವವಳು ತಾನು, ಅದಕ್ಕೆ ಪುಸ್ತಕ ಇಡುವವರು ಇವರು ಎಂದು ಬಂದವರೆದುರು ಹೇಳಿ ನಗಿಸುತ್ತಿದ್ದಳು.

ಡಾಕ್ಟರ ಸ್ವಂತ ರೆಕಾರ್ಡುಗಳು ಸಾವಿರದ ನೂರ ಹನ್ನೆರಡು. ಎರಡು ಕೋಣೆಯ ಮನೆಯ ನಡುಮನೆಯಲ್ಲಿ ಒಂದು ಇಡೀ ಗೋಡೆ ಅವಕ್ಕೇ ಹೋಗಿತ್ತು. ಎಲ್ಲವೂ ಸೆಟೆದು ನೇರ ನಿಂತಿರಬೇಕು, ಒರಗಿದರೆ ಬಾಗುತ್ತವೆ. ಬಿಸಿಲು ಬೀಳಬಾರದೆಂದು ಕಿಟಕಿಯ ಪರದೆ ಸದಾ ಎಳೆದಿರಬೇಕು. ಮುಟ್ಟುವವರು ಅಂಚು ಮತ್ತು ನಡುವಿನ ಕಾಗದ ಬಿಟ್ಟು ಬೇರೆಲ್ಲೂ ಬೆರಳು ತಾಗಿಸಬಾರದು. ತಿಂಗಳಿಗೊಂದು ಭಾನುವಾರ ಇಪ್ಪತ್ತು ಇಪ್ಪತ್ತರಂತೆ ಸರದಿಯಲ್ಲಿ ಅವಕ್ಕೆ ಸ್ನಾನ. ಬ್ಯಾಟರಿಗೆ ಹಾಕುವ ಶುದ್ಧ ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಮೇಕಪ್ಪಿನ ಮೆತ್ತನೆಯ ಕುಂಚ. ಆಮೇಲೆ ಅಡಿಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ ಒಣಗಿಸುವುದು. ಆ ದಿನ ಮನೆಯವರು ಊಟದ ತಟ್ಟೆಗಳನ್ನು ಬಕೆಟ್ಟಿನಲ್ಲಿ ಇಟ್ಟುಕೊಳ್ಳಬೇಕು. ತನಗೆ ಜ್ವರ ಬಂದಾಗ ಹಣೆ ಮುಟ್ಟುವುದಕ್ಕಿಂತ ಮೆತ್ತಗೆ ಇವರು ಅವುಗಳನ್ನು ಮುಟ್ಟುತ್ತಾರೆ ಎಂದು ಹೆಂಡತಿ ಒಮ್ಮೆ ಅಂದಿದ್ದಳು, ಆ ಸಲ ನಗಲಿಲ್ಲ.

ಇಷ್ಟೆಲ್ಲ ಚೆಲ್ಲಾಟ ನಡೆದದ್ದು ಅಕ್ಕ ಬರುವ ತನಕ.

ಅಕ್ಕ ಡಾಕ್ಟರಿಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಒಂದು ಸೂಟ್‌ಕೇಸು ಮತ್ತು ಒಂದು ಚೀಲ ಮಾತ್ರೆಗಳ ಜೊತೆ ತಮ್ಮನ ಮನೆಗೆ ಬಂದಳು. ಮಕ್ಕಳಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಬರುವ ಹೊತ್ತಿಗಾಗಲೇ ಮರೆವು ಅವಳನ್ನು ಅರ್ಧ ತಿಂದು ಹಾಕಿತ್ತು. ಕಾಲು ಗಟ್ಟಿ, ಹಲ್ಲು ಗಟ್ಟಿ, ಗಂಟಲಂತೂ ಕಂಚು. ಹೋಗಿದ್ದು ಗುರುತು ಮಾತ್ರ. ಬಂದ ದಿನ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀವು ಈ ಮನೆಯ ಮಾಲೀಕರಾ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಅಂದಿನಿಂದ ಅವರು ಅವಳಿಗೆ ಮಾಲೀಕರು, ಕೆಲವು ದಿನ ಕಾಂಪೌಂಡರು, ಒಂದು ದಿನ ಬಸ್ಸಿನ ಕಂಡಕ್ಟರು. ನಾನಕ್ಕಾ, ನಿನ್ನ ತಮ್ಮ ಎಂದರೆ ಮುಗುಳ್ನಕ್ಕು, ಹೌದಾ, ನನಗೂ ಒಬ್ಬ ತಮ್ಮ ಇದ್ದಾನೆ ಎನ್ನುತ್ತಿದ್ದಳು.

ಗಂಡಹೆಂಡಿರಿಬ್ಬರೂ ಹೊತ್ತು ಹಂಚಿಕೊಂಡರು. ಹೆಂಡತಿ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ, ಬೆಳಿಗ್ಗೆ ಏಳೂವರೆಗೆ ಹೋಗಿ ಮಧ್ಯಾಹ್ನ ಒಂದೂವರೆಗೆ ಬರುತ್ತಾಳೆ. ಡಾಕ್ಟರು ಅಂಗಡಿಯ ಯಜಮಾನರ ಕೈಕಾಲು ಹಿಡಿದು ಎರಡು ಗಂಟೆಗೆ ಶುರುವಾಗುವ ಪಾಳಿ ಮಾಡಿಸಿಕೊಂಡರು. ಅಂದರೆ ಬೆಳಿಗ್ಗೆಯೆಲ್ಲ ಅಕ್ಕನನ್ನು ಎಬ್ಬಿಸುವುದು, ಸ್ನಾನಕ್ಕೆ ಕೂರಿಸಿ ಬೆನ್ನು ತಿರುಗಿಸಿ ನಿಲ್ಲುವುದು, ಹಾಸಿಗೆಯ ಬಟ್ಟೆ ಒಗೆಯುವುದು, ಮಾತ್ರೆ ನುಂಗಿಸುವುದು, ಬೀದಿಗೆ ಹೊರಟವಳನ್ನು ಬಾಗಿಲಲ್ಲಿ ತಡೆಯುವುದು. ಮಧ್ಯಾಹ್ನವೆಲ್ಲ ಗಾಜು ಉಜ್ಜುವುದು. ಐವತ್ತೊಂಬತ್ತರ ಮೈ. ಮೊದಲ ಎರಡು ತಿಂಗಳಲ್ಲೇ ಅವರ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಬಸ್ಸಿನಲ್ಲಿ ನಿಂತೇ ನಿದ್ದೆ ಹೋಗುವುದನ್ನು ಕಲಿತರು. ಭಾನುವಾರದ ಕೂಟಕ್ಕೆ ಹೋಗುವುದನ್ನು ಬಿಟ್ಟರು, ರೆಕಾರ್ಡುಗಳ ಸ್ನಾನ ನಿಂತಿತು, ಗೋಡೆಯ ತುಂಬ ಧೂಳು ಕೂತಿತು. ಅದನ್ನು ನೋಡಿಯೂ ನೋಡದವರಂತೆ ಇದ್ದರು.

ಕಷ್ಟವಾಗುತ್ತಿದ್ದದ್ದು ಕೆಲಸ ಅಲ್ಲ. ಕೆಲಸ ಮಾಡಿ ಅಭ್ಯಾಸವಿದ್ದ ಮನುಷ್ಯ. ಎಷ್ಟು ಮಾಡಿದರೂ ತಾನು ಯಾರೆಂದು ಅವಳಿಗೆ ತಿಳಿಯುವುದಿಲ್ಲವಲ್ಲ ಎಂಬುದೇ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಅಮ್ಮ ಕಾಯಿಲೆ ಬಿದ್ದ ವರ್ಷಗಳಲ್ಲಿ ಇವರಿಗೆ ತಲೆ ಬಾಚಿದವಳು, ಮಗ್ಗಿ ಹೇಳಿಸಿದವಳು, ಕಾಲಿಗೆ ಮುಳ್ಳು ಚುಚ್ಚಿದರೆ ತನ್ನ ತೊಡೆಯ ಮೇಲೆ ಕಾಲಿಟ್ಟುಕೊಂಡು ಕಿತ್ತವಳು ಈ ಅಕ್ಕ. ಅವಳ ಬಾಯಲ್ಲಿ ಬಹುವಚನ ಕೇಳುವಾಗಲೆಲ್ಲ ಡಾಕ್ಟರು ಬಕೆಟ್ಟು ಎತ್ತಿಕೊಂಡು ಬಟ್ಟೆ ಒಗೆಯಲು ಹೋಗಿಬಿಡುತ್ತಿದ್ದರು.

ಊಟವೂ ಒಂದು ಕಾಟವಾಯಿತು. ಪರರ ಮನೆಯಲ್ಲಿ ಉಣ್ಣುವುದಕ್ಕೆ ಅಕ್ಕನಿಗೆ ಸಂಕೋಚ. ಎರಡು ತುತ್ತು ಬಾಯಿಗಿಟ್ಟು, ಸಾಕು, ನಮ್ಮ ಮನೆಯಲ್ಲಿ ಅಡಿಗೆ ಆಗಿರತ್ತೆ ಎಂದು ಎದ್ದುಬಿಡುತ್ತಿದ್ದಳು. ಡಾಕ್ಟರು ತಮಗೆ ಗೊತ್ತಿದ್ದ ಒಂದೇ ಔಷಧಿಯನ್ನು ಮಾಡಿದರು, ಹಾಡು ಹಾಕಿದರು. ಗೋಡೆಯ ಮೇಲಿನ ಸಾವಿರದ ನೂರ ಹನ್ನೆರಡರಲ್ಲಿ ಒಳ್ಳೆಯದು ಎನಿಸಿದ್ದನ್ನೆಲ್ಲ ಹಾಕಿ ನೋಡಿದರು. ಅಕ್ಕ ಸಭ್ಯಳಾಗಿ ಕೇಳಿದಳು, ಚೆನ್ನಾಗಿದೆ ಎಂದಳು, ಎರಡು ತುತ್ತು ತಿಂದು ಎದ್ದಳು.

ಒಂದು ದಿನ ಅವಳ ಸೂಟ್‌ಕೇಸಿನ ತಳದಲ್ಲಿ ಸೀರೆಗಳ ನಡುವೆ ಒಂದು ಚಿಕ್ಕ ರೆಕಾರ್ಡು ಸಿಕ್ಕಿತು. ಓಡದೆ ಮೂಲೆ ಸೇರಿದ ಯಾವುದೋ ಸಿನಿಮಾದ ಹಾಡು, ಒಬ್ಬಳು ಗಾಯಕಿ, ಮೂರು ನಿಮಿಷ. ಡಾಕ್ಟರಿಗೆ ಕೂಡಲೇ ಗುರುತು ಸಿಕ್ಕಿತು. ಅಪ್ಪನ ಕಾಲದಲ್ಲಿ ಮನೆಯಲ್ಲಿ ಇದ್ದ ಪ್ಲೇಯರಿನಲ್ಲಿ ಇದು ದಿನಕ್ಕೆ ನಾಲ್ಕು ಸಲ ತಿರುಗುತ್ತಿತ್ತು. ಹಾಡಿನ ನಡುವೆ ‘ಕಿಟಕಿಯಾಚೆ’ ಎಂಬಲ್ಲಿ ಸೂಜಿ ತಡೆಯುತ್ತಿತ್ತು. ಕಿಟಕಿಯಾಚೆ, ಕಿಟಕಿಯಾಚೆ, ಕಿಟಕಿಯಾಚೆ. ಆಗ ಅಕ್ಕ ಕೂತಲ್ಲಿಂದಲೇ ಕೂಗುತ್ತಿದ್ದಳು, ಆರೇಳು ವರ್ಷದ ತಮ್ಮ ಎಲ್ಲಿದ್ದರೂ ಓಡಿ ಬಂದು ಬೆರಳ ತುದಿಯಿಂದ ಸೂಜಿಯ ತೋಳನ್ನು ಒಂದಿಷ್ಟು ಮುಂದಕ್ಕೆ ತಳ್ಳಬೇಕಿತ್ತು. ಅವನ ಕೈ ಹಗುರವೆಂದು ಆ ಕೆಲಸ ಅವನಿಗೇ ಮೀಸಲು. ಕಣ್ಣು ದೊಡ್ಡದಿತ್ತೆಂದು ಅವನಿಗೆ ಗೂಬೆ ಎಂದು ಹೆಸರಿಟ್ಟಿದ್ದಳು. ಅಕ್ಕ ಮದುವೆಯಾಗಿ ಹೋಗುವಾಗ ರೆಕಾರ್ಡು ಅವಳ ಜೊತೆ ಹೋಯಿತು, ಪ್ಲೇಯರು ಇಲ್ಲೇ ಉಳಿಯಿತು. ಆಮೇಲೆ ಅದನ್ನು ಯಾರೂ ಹಾಕಿರಲಿಕ್ಕಿಲ್ಲ.

ಡಾಕ್ಟರು ರೆಕಾರ್ಡನ್ನು ಪ್ಲೇಯರಿಗೆ ಹಾಕಿ ಊಟ ಬಿಸಿ ಮಾಡಲು ಅಡಿಗೆಮನೆಗೆ ಹೋದರು. ಹಾಡು ಸಾಗಿತು. ‘ಕಿಟಕಿಯಾಚೆ’ ಬಂತು, ತಡೆಯಿತು, ಇನ್ನೊಮ್ಮೆ ಬಂತು, ಮತ್ತೊಮ್ಮೆ ಬಂತು. ನಡುಮನೆಯಿಂದ ಕಂಚಿನ ಗಂಟಲು ಕೇಳಿತು.

"ಲೇ ಗೂಬೆ, ತಳ್ಳೋ."

ಡಾಕ್ಟರು ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. ಐವತ್ತೊಂಬತ್ತು ವರ್ಷದ ಮನುಷ್ಯ ಮಂಡಿ ನೋವನ್ನು ಮರೆತು ಓಡಿದರು. ಬೆರಳ ತುದಿಯಿಂದ ತೋಳನ್ನು ಮುಂದಕ್ಕೆ ತಳ್ಳಿದರು. ಅಕ್ಕ ಅವರ ಮುಖ ನೋಡಿದಳು, ಮರ್ಯಾದೆಯ ಆ ಮುಗುಳ್ನಗೆ ಇರಲಿಲ್ಲ. ಎಲ್ಲಿ ಹಾಳಾಗಿ ಹೋಗಿದ್ದೆ, ಮುಖ ನೋಡು ಹೇಗಾಗಿದೆ, ಊಟ ಮಾಡಿದ್ಯಾ ಇಲ್ವಾ ಎಂದು ಬೈದಳು. ಹಾಡಿನ ಉಳಿದ ಭಾಗ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷ ಅವಳು ಅಕ್ಕ, ಇವರು ಗೂಬೆ. ಹಾಡು ಮುಗಿದು ಸೂಜಿ ಎತ್ತಿದ ಮೇಲೆ ಮತ್ತೆ ಅವಳ ಕಣ್ಣು ಮಸುಕಾಗಿ, ನೀವು ಕೂತ್ಕೊಳ್ಳಿ ಎಂದಳು. ಆದರೆ ಅವತ್ತು ತಟ್ಟೆ ಖಾಲಿ ಮಾಡಿದಳು.

ಅಲ್ಲಿಂದ ಮುಂದೆ ಪ್ರತಿದಿನ ಹನ್ನೆರಡೂವರೆಗೆ ಅದೇ. ರೆಕಾರ್ಡು ಹಾಕುವುದು, ಅಡಿಗೆಮನೆಗೆ ಹೋಗುವುದು, ಮೈಯೆಲ್ಲ ಕಿವಿಯಾಗಿ ನಿಲ್ಲುವುದು. ಕರೆ ಬರುತ್ತಿತ್ತು, ಒಂದು ದಿನವೂ ತಪ್ಪಲಿಲ್ಲ. ಕಾಯಿಲೆ ಬಿದ್ದ ಅಕ್ಕನಿಂದ ದಿನಕ್ಕೊಮ್ಮೆ ಗೂಬೆ ಎಂದು ಕರೆಸಿಕೊಳ್ಳುವುದಕ್ಕಾಗಿ ಉಳಿದ ಇಪ್ಪತ್ತಮೂರು ಗಂಟೆ ಐವತ್ತೆಂಟು ನಿಮಿಷಗಳನ್ನು ಎಳೆಯಬಹುದು ಎಂದು ಅವರಿಗೆ ಅನ್ನಿಸಿತು. ಹೆಂಡತಿಗೂ ಹಾಗೇ ಹೇಳಿದರು. ಅವಳು ಅವರ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಹೀಗೆ ಆರು ತಿಂಗಳು ನಡೆಯಿತು. ಆಮೇಲೆ ಒಂದು ಭಾನುವಾರ ರೇಡಿಯೋ ರಿಪೇರಿಯವರು, ಡಾಕ್ಟರು ಕೂಟದ ಕಡೆ ತಲೆ ಹಾಕುವುದೇ ಇಲ್ಲವಲ್ಲ ಎಂದು ತಾವೇ ನೋಡಲು ಬಂದರು. ಊಟದ ಹೊತ್ತು. ಹಾಡು ತಿರುಗುತ್ತಿತ್ತು. ಕಿಟಕಿಯಾಚೆ ಎಂದು ತಡೆದದ್ದೂ ಅಕ್ಕ ಕೂಗಿದ್ದೂ ಡಾಕ್ಟರು ಓಡಿಬಂದು ಬೆರಳಿನಿಂದ ತೋಳು ತಳ್ಳಿದ್ದೂ ಅವರ ಕಣ್ಣಿಗೆ ಬಿತ್ತು. ಊರವರ ಗೆರೆಯನ್ನೆಲ್ಲ ಸರಿ ಮಾಡಿ ಮನೆಯದನ್ನು ಹಾಗೇ ಬಿಟ್ಟಿದ್ದೀರಲ್ಲ ಡಾಕ್ಟ್ರೇ ಎಂದು ನಕ್ಕರು. ಹೀಗೆ ದಿನಾ ತಳ್ಳಿದರೆ ಸೂಜಿ ಹಾಳು, ರೆಕಾರ್ಡೂ ಹಾಳು, ಇನ್ನು ಆರು ತಿಂಗಳಿಗೆ ಆ ಜಾಗ ಸವೆದು ಹಾಡೇ ಹೋಗುತ್ತದೆ ಎಂದರು. ಆ ಮಾತೇನೂ ಸುಳ್ಳಲ್ಲ. ಬೇರೆ ಯಾರಿಗಾದರೂ ಡಾಕ್ಟರೇ ಹಾಗೆ ಹೇಳುತ್ತಿದ್ದರು.

ಅವರು ಹೋದ ಮೇಲೆ ಮಾತು ತಲೆಯಲ್ಲಿ ಕೊರೆಯಿತು. ಹಾಡೇ ಹೋದರೆ ಏನು ಗತಿ ಎಂಬ ಹೆದರಿಕೆ ಒಂದು. ಅದರ ಬೆನ್ನಿಗೇ ಒಂದು ಆಸೆಯೂ ಎದ್ದಿತು. ಅಕ್ಕನನ್ನು ಕರೆತರುವುದು ಹಾಡು. ಕೆಟ್ಟ, ತಡೆಯುವ ಹಾಡಿಗೇ ಒಂದೂವರೆ ನಿಮಿಷ ಬರುತ್ತಾಳೆಂದರೆ, ತೊಳೆದು ಸರಿ ಮಾಡಿದ ಹಾಡಿಗೆ ಮೂರು ನಿಮಿಷವೂ ಬರಬಹುದಲ್ಲ. ಮೂವತ್ತು ವರ್ಷ ರೆಕಾರ್ಡು ತೊಳೆದ ಮನುಷ್ಯನಿಗೆ ಹೀಗಲ್ಲದೆ ಬೇರೆ ಹೇಗೆ ಹೊಳೆಯಬೇಕು? ಶುದ್ಧವಾದಷ್ಟೂ ಒಳ್ಳೆಯದು ಎಂಬುದು ಅವರ ರಕ್ತದಲ್ಲೇ ಇತ್ತು. ಇಲ್ಲಿ ಕೇಳುತ್ತಿರುವವಳು ಕೂಟದವಳಲ್ಲ, ಅಕ್ಕ ಎಂಬುದು ತಲೆಗೆ ಹೋಗಲಿಲ್ಲ. ದಣಿದ ತಲೆ ಬೇರೆ. ದಣಿದಾಗ ಮನುಷ್ಯನ ಬುದ್ಧಿ ಮಲಗಿ ಕೈ ಮಾತ್ರ ಎಚ್ಚರವಾಗಿರುತ್ತದೆ.

ಅದೇ ಮಧ್ಯಾಹ್ನ, ಅಕ್ಕ ಮಲಗಿದ್ದಾಗ, ಎಂಟು ತಿಂಗಳ ಮೇಲೆ ಮೊದಲ ಸಲ ಭೂತಗನ್ನಡಿ ಹೊರಬಂತು. ಶುದ್ಧ ನೀರು, ಕುಂಚ, ಬಿದಿರ ಕಡ್ಡಿ. ಮೇಜಿನ ದೀಪದ ಕೆಳಗೆ ರೆಕಾರ್ಡನ್ನು ಓರೆ ಹಿಡಿದಾಗ ಗೆರೆಗಳ ನಡುವೆ ಒಂದು ಕೆಂಪು ಚುಕ್ಕೆ ಕಂಡಿತು. ಗೀರಲ್ಲ. ಉಗುರಿಗೆ ಹಚ್ಚುವ ಬಣ್ಣದ ಒಂದು ಹನಿ, ಒಣಗಿ ಕಲ್ಲಾದದ್ದು. ಡಾಕ್ಟರು ಅರ್ಥ ಮಾಡಿಕೊಂಡು ಒಬ್ಬರೇ ನಕ್ಕರು. ಅಪ್ಪ ಅದನ್ನೆಲ್ಲ ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ಹದಿನೈದರ ಹುಡುಗಿ ಕದ್ದು ಹಚ್ಚಿಕೊಳ್ಳುತ್ತಾ ಹಾಡು ಕೇಳಿದ್ದಾಳೆ, ಹನಿ ಬಿದ್ದಿದೆ, ಗುಟ್ಟು ಬಿಟ್ಟುಕೊಟ್ಟಿಲ್ಲ. ನಗುತ್ತಲೇ ಕಡ್ಡಿಯ ಮೊನೆಯನ್ನು ಚುಕ್ಕೆಯ ಹಿಂದಿಟ್ಟು ಗೆರೆಯ ಹಾದಿಯಲ್ಲಿ ನೂಕಿದರು. ಹತ್ತು ನಿಮಿಷ ಹಿಡಿಯಿತು. ಚುಕ್ಕೆ ಸಡಿಲಗೊಂಡು ಎದ್ದು ಬಂತು. ಅದನ್ನು ಕಸದ ಪುಸ್ತಕದಲ್ಲಿ ಟೇಪಿನ ಕೆಳಗೆ ಒತ್ತಿ, ತಾರೀಕು ಹಾಕಿ, ಅಕ್ಕ, ಕಿಟಕಿಯಾಚೆ ಎಂದು ಬರೆದರು. ಎಷ್ಟೋ ದಿನದ ಮೇಲೆ ಒಂದು ಕೆಲಸ ಸರಿಯಾಗಿ ಮುಗಿದ ಸಮಾಧಾನ. ಹೆಂಡತಿ ಮಾರುಕಟ್ಟೆಯಿಂದ ಬಂದಾಗ ಅವರು ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಸೋಮವಾರ ಹನ್ನೆರಡೂವರೆಗೆ ಹಾಡು ಹಾಕಿ ಅಡಿಗೆಮನೆಗೆ ಹೋದರು. ಗಾಯಕಿಯ ದನಿ ತೊಳೆದಿಟ್ಟ ಹಾಗಿತ್ತು. ಕಿಟಕಿಯಾಚೆ ಎಂಬುದು ಒಂದೇ ಸಲ ಬಂದು, ಡಾಕ್ಟರು ಬಾಲ್ಯದಿಂದ ಒಂದು ಸಲವೂ ಅಡ್ಡಿಯಿಲ್ಲದೆ ಕೇಳದ ಸಾಲು ಮುಂದುವರಿದು, ಹಾಡು ಸರಾಗವಾಗಿ ಹರಿದುಹೋಯಿತು. ಅವರು ಬಾಗಿಲ ಸಂದಿಯಿಂದ ನೋಡಿದರು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಬಾಯಿ ತೆರೆದಿದ್ದಳು, ಕೂಗಲು ಉಸಿರು ಎಳೆದುಕೊಂಡಿದ್ದಳು. ಹಾಡು ನಿಲ್ಲಲಿಲ್ಲ. ಬಾಯಿ ಹಾಗೇ ಸ್ವಲ್ಪ ಹೊತ್ತು ತೆರೆದಿದ್ದು ಆಮೇಲೆ ಮುಚ್ಚಿತು. ಹಾಡು ಮುಗಿಯಿತು. ಡಾಕ್ಟರು ಹೊರಗೆ ಬಂದಾಗ ಅವಳು ಬಹಳ ನಯವಾಗಿ ಹೇಳಿದಳು.

"ಇದು ನಮ್ಮದಲ್ಲ. ನಿಮ್ಮದಿರಬೇಕು."

ಮಂಗಳವಾರ ಎರಡು ತುತ್ತು, ಬುಧವಾರ ಒಂದು. ಬುಧವಾರ ಆ ಒಂದು ತುತ್ತಿಗೇ ಎದ್ದು ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತಳು, ಮನೆಯಲ್ಲಿ ಕಾಯುತ್ತಿರುತ್ತಾರೆ, ತುಂಬ ಉಪಕಾರವಾಯಿತು ಎಂದು ಕೈ ಮುಗಿದಳು. ಡಾಕ್ಟರು ಜಪ್ಪಯ್ಯ ಅಂದರೂ ಒಳಗೆ ಬರಲಿಲ್ಲ. ಹೆಂಡತಿ ಶಾಲೆಯಿಂದ ಬರುವವರೆಗೂ ಇಬ್ಬರೂ ಹೊಸ್ತಿಲಲ್ಲೇ ನಿಂತಿದ್ದರು. ಡಾಕ್ಟರು ಅಂಗಡಿಗೆ ತಡವಾಗಿ ಹೋಗಿ, ಬೈಸಿಕೊಂಡು, ಆ ದಿನ ಒಂದು ಜೊತೆ ಗಾಜನ್ನು ಹೆಚ್ಚು ಸವೆಸಿ ಕೆಡಿಸಿದರು. ಮೂವತ್ತನಾಲ್ಕು ವರ್ಷದಲ್ಲಿ ಹಾಗಾದದ್ದು ಕೈಬೆರಳಲ್ಲಿ ಎಣಿಸುವಷ್ಟು.

ಮನೆಗೆ ಬಂದು ರೆಕಾರ್ಡಿಗೆ ಏನು ಮಾಡಿದೆನೆಂದು ಹೆಂಡತಿಗೆ ಹೇಳಿದರು. ಅಲ್ಲಿಯವರೆಗೂ ಹೇಳಿರಲಿಲ್ಲ, ಹಾಡು ಯಾಕೋ ಕೆಲಸ ಮಾಡ್ತಿಲ್ಲ ಎಂದಷ್ಟೇ ಅಂದಿದ್ದರು. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅತ್ತಿಗೆ ಕಾಯ್ತಾ ಇದ್ದದ್ದು ಹಾಡನ್ನಲ್ಲ ರೀ. ಅದು ನಿಲ್ಲೋದನ್ನ. ನಿಂತ್ರೆ ತಾನೇ ತಮ್ಮನ್ನ ಕರೆಯೋದು."

ಬೈದಿದ್ದರೆ ವಾಸಿಯಿತ್ತು. ಅವಳು ಬೈಯುವಷ್ಟು ತ್ರಾಣವೂ ಇಲ್ಲದೆ ಮಡಚಿದ ಬಟ್ಟೆಯನ್ನು ಕಪಾಟಿಗೆ ಇಟ್ಟು ಮಲಗಲು ಹೋದಳು.

ಗುರುವಾರ ಬೆಳಿಗ್ಗೆ ಅವರು ಕಸದ ಪುಸ್ತಕ ತೆಗೆದರು. ಕೆಂಪು ಚುಕ್ಕೆ ಟೇಪಿನ ಕೆಳಗೆ ಹಾಗೇ ಇತ್ತು. ಟೇಪು ಬಿಡಿಸಿ, ಭೂತಗನ್ನಡಿ ಏರಿಸಿ, ಹೆಂಡತಿಯ ಉಗುರು ಬಣ್ಣವನ್ನೇ ಅಂಟಾಗಿ ಮಾಡಿಕೊಂಡು ಚುಕ್ಕೆಯನ್ನು ಇದ್ದ ಜಾಗಕ್ಕೆ ಕೂರಿಸಲು ಹೊರಟರು. ಜಾಗ ಯಾವುದು? ಗೆರೆಗಳೆಲ್ಲ ಒಂದೇ ಥರ. ತೊಳೆಯುವಾಗ ಗುರುತು ಮಾಡಿಕೊಂಡಿರಲಿಲ್ಲ, ಮತ್ತೆ ಬೇಕಾಗುತ್ತದೆಂದು ಯಾವ ಹುಚ್ಚ ಗುರುತು ಮಾಡುತ್ತಾನೆ? ಅಂದಾಜಿನ ಮೇಲೆ ಕೂರಿಸಿದರು. ಹಾಕಿ ನೋಡಿದರೆ ಸೂಜಿ ಹಿಂದಕ್ಕೆ ಬರುವ ಬದಲು ಮುಂದಕ್ಕೆ ಹಾರಿ ಕೊನೆಯ ಸಾಲಿಗೆ ಬಿತ್ತು. ಕಿತ್ತು ಇನ್ನೊಂದು ಕಡೆ ಕೂರಿಸಿದರು. ಸೂಜಿ ಚುಕ್ಕೆಯನ್ನೇ ಕೊಚ್ಚಿಕೊಂಡು ಹೋಯಿತು. ಆಮೇಲೆ ನೆಲದ ಮೇಲೆ ಎಷ್ಟು ತಡಕಾಡಿದರೂ ಅದು ಸಿಗಲಿಲ್ಲ. ಬೆರಳು ತಾಗಿದರೆ ಹೌಹಾರುತ್ತಿದ್ದ ಮನುಷ್ಯ, ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿಮೊನೆಯಿಂದ ಅದನ್ನು ಗೀರಿಬಿಡಲೇ ಎಂದು ಹತ್ತು ನಿಮಿಷ ಕೂತಿದ್ದರು. ಗೀರಿದರೆ ಯಾವ ಸಾಲಿನಲ್ಲಿ ನಿಲ್ಲುತ್ತದೋ ಯಾರಿಗೆ ಗೊತ್ತು. ಆ ದಿನ ಅಕ್ಕ ಅರ್ಧ ಲೋಟ ಹಾಲು ಕುಡಿದಳು.

ಶುಕ್ರವಾರ ಅವರಿಗೆ ಇನ್ನೊಂದು ಉಪಾಯ ಹೊಳೆಯಿತು. ಸೂಜಿ ತಾನಾಗಿ ನಿಲ್ಲದಿದ್ದರೆ ತಾವೇ ನಿಲ್ಲಿಸುವುದು. ಊಟ ಮೊದಲೇ ಬಡಿಸಿ ಅಕ್ಕನ ಮುಂದಿನ ಮೇಜಿನ ಮೇಲಿಟ್ಟರು. ಹಾಡು ಹಾಕಿ, ಅಡಿಗೆಮನೆಗೆ ಹೋಗದೆ ಪ್ಲೇಯರಿನ ಪಕ್ಕದಲ್ಲೇ ನಿಂತು, ಸೂಜಿಯ ತೋಳಿನ ಕೆಳಗೆ ಬೆರಳಿಟ್ಟುಕೊಂಡರು. ‘ಕಿಟಕಿಯಾಚೆ’ ಬಂತು. ತೋಳನ್ನು ಎತ್ತಿಯೂ ಎತ್ತದ ಹಾಗೆ ಎತ್ತಿ ಒಂದೇ ಒಂದು ಗೆರೆ ಹಿಂದಕ್ಕೆ ಇಟ್ಟರು. ಗಾಜಿನ ಅಂಚನ್ನು ಕೂದಲೆಳೆಯಷ್ಟು ಸವೆಸುವ ಕೈ. ಕಿಟಕಿಯಾಚೆ. ಮತ್ತೆ ಇಟ್ಟರು. ಕಿಟಕಿಯಾಚೆ. ಎಣಿಸಿದ ಹಾಗೆ, ಬಾಲ್ಯದಲ್ಲಿ ಇದ್ದ ಹಾಗೆಯೇ ಇತ್ತು.

ಅಕ್ಕನ ಬೆನ್ನು ನೆಟ್ಟಗಾಯಿತು. ಐದು ದಿನದ ಮೇಲೆ ಅವಳ ಕಣ್ಣಿನಲ್ಲಿ ಜೀವ ಬಂತು. ಅವಳು ಅಡಿಗೆಮನೆಯ ಬಾಗಿಲ ಕಡೆ ತಿರುಗಿ ಕೂಗಿದಳು.

"ಲೇ ಗೂಬೆ, ತಳ್ಳೋ."

"ಬಂದೆ ಅಕ್ಕಾ," ಎಂದರು ಡಾಕ್ಟರು, ಪ್ಲೇಯರಿನ ಪಕ್ಕದಿಂದ.

ಅಕ್ಕ ದನಿ ಬಂದ ಕಡೆ ತಿರುಗಿದಳು. ಯಾರೋ ವಯಸ್ಸಾದವರು ತೋಳಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಾರೆ. ಅವಳ ಹುಬ್ಬು ಗಂಟಾಯಿತು, ಆದರೂ ಮರ್ಯಾದೆ ಬಿಡಲಿಲ್ಲ.

"ನೀವು ಮುಟ್ಟಬೇಡಿ. ಬೇರೆಯವರು ಮುಟ್ಟಿದ್ರೆ ಅಪ್ಪ ಬೈತಾರೆ. ನನ್ನ ತಮ್ಮ ಒಳಗಿದಾನೆ, ಅವನು ತಳ್ತಾನೆ."

ಕೈ ತೆಗೆದರೆ ಹಾಡು ಮುಂದೆ ಹೋಗಿಬಿಡುತ್ತದೆ. ಡಾಕ್ಟರು ತೋಳನ್ನೇ ಎತ್ತಿ ಬದಿಗಿಟ್ಟರು. ಹಾಡು ನಿಂತಿತು. ಅಕ್ಕ ಇನ್ನೊಮ್ಮೆ ಅಡಿಗೆಮನೆಯ ಕಡೆ ಕೂಗಿದಳು, ಈ ಸಲ ಸ್ವಲ್ಪ ಜೋರಾಗಿ. ಡಾಕ್ಟರು ಬೇರೇನೂ ತೋಚದೆ, ಅವಳ ಎದುರಿನಿಂದಲೇ ನಡೆದು ಅಡಿಗೆಮನೆಗೆ ಹೋದರು. ನಲ್ಲಿಯ ಮುಂದೆ ನಿಂತು ಮುಖ ತೊಳೆದುಕೊಂಡರು. ಐದು ಎಣಿಸಿದರು. ದಿನಾ ಬರುತ್ತಿದ್ದ ಹಾಗೆಯೇ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಾ ಓಡಿಬಂದರು. ಇದು ಎಂಥ ಹುಚ್ಚಾಟ ಎಂದು ಅವರಿಗೂ ಗೊತ್ತಿತ್ತು.

ಅಕ್ಕ ಅವರನ್ನು ನೋಡಿದಳು. ಆಮೇಲೆ ಅವರ ಭುಜದಾಚೆ ಬಾಗಿಲನ್ನು ನೋಡಿದಳು.

"ನೀವಲ್ಲ," ಎಂದಳು. ಬೇಜಾರಾಯಿತೇನೋ ಎಂದು ಅವಳೇ ಮೆತ್ತಗಾದಳು. "ಕೂತ್ಕೊಳ್ಳಿ. ಬರ್ತಾನೆ. ಎಲ್ಲೋ ಆಟಕ್ಕೆ ಹೋಗಿರಬೇಕು."

ಡಾಕ್ಟರು ಅವಳ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ನಿಮ್ಮ ತಮ್ಮ ಹೇಗಿದಾನೆ ಎಂದು ಕೇಳಿದರು. ಅಕ್ಕ ನೆಲದಿಂದ ಮೂರು ನಾಲ್ಕು ಅಡಿ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು. ಇಷ್ಟೇ ಇದ್ದಾನೆ, ಮುಖದ ತುಂಬ ಕಣ್ಣು, ಹೇಳಿದ ಮಾತು ಒಂದೂ ಕೇಳಲ್ಲ, ಆದರೆ ಕೈ ಮಾತ್ರ ಹಗುರ, ಅವನು ತಳ್ಳಿದರೆ ಹಾಡಿಗೆ ಗೊತ್ತೇ ಆಗುವುದಿಲ್ಲ ಎಂದಳು. ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಇದನ್ನು ತಮ್ಮನ ಎದುರು ಒಂದು ದಿನವೂ ಹೇಳಿರಲಿಲ್ಲ, ಎದುರಿಗೆ ಬೈದದ್ದೇ ಹೆಚ್ಚು.

"ಅವನು ಬರದೇ ಹೋದ್ರೆ?" ಎಂದರು ಡಾಕ್ಟರು.

"ಬರದೇ ಏನು? ನಾನು ಕರೆದ್ರೆ ಬರದೇ ಇರೋನಲ್ಲ ಅವನು."

ಹಾಗೆಂದು ಅವಳು ತನ್ನ ತಟ್ಟೆಯನ್ನು ಅವರ ಕಡೆ ಸರಿಸಿದಳು. ಅವನು ಬರುವ ತನಕ ನೀವು ತಿಂತಾ ಇರಿ, ಆರಿಹೋಗುತ್ತೆ ಎಂದಳು. 'ನೀವೂ' ಎಂದರು ಡಾಕ್ಟರು. ಬಂದವರೊಬ್ಬರೇ ಉಣ್ಣುವುದು ಚೆನ್ನಾಗಿರುವುದಿಲ್ಲವೆಂದು ಅವಳೂ ಒಂದು ತುತ್ತು ತೆಗೆದುಕೊಂಡಳು, ಆಮೇಲೆ ಇನ್ನೊಂದು. ಅಂಗಡಿಗೆ ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಅಕ್ಕ ಅಗಿಯುತ್ತಾ ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಡಾಕ್ಟರೂ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡು, ಅವಳ ಜೊತೆ ಅವಳ ತಮ್ಮ ಬರುವುದನ್ನು ಕಾಯುತ್ತಾ ಕೂತರು.